ತೋಟದ ತಪ್ಪು ಮತ್ತು ಶ್ರಾವಕನ ಆಲೋಚನಾ

ತಪ್ಪು ಮಾಡದೆ ಯಾರೂ ವಿದ್ಯೆಯನ್ನು ಕಲಿಯಲಾರರೆಂಬ ಮಾತು ಲೋಕದಲ್ಲಿ ರೂಢಿಯಾಗಿದೆ. ಬಾಲಕನು ಅಕ್ಷರವನ್ನು ಹತ್ತು ಸಲ ತಪ್ಪಾಗಿ ಬರೆದು ಹನ್ನೊಂದನೆಯ ಸಲ ಸರಿಯಾಗಿ ಬರೆಯುತ್ತಾನೆ. ಲೆಕ್ಕ ತಪ್ಪಿದರೆ ಹಲಗೆಯನ್ನು ಒರೆಸಿ ಮತ್ತೊಮ್ಮೆ ಮಾಡುತ್ತಾನೆ. ನೇಕಾರನ ನೂಲು ಹರಿದರೆ ಗಂಟು ಹಾಕಬಹುದು. ಬಡಗಿಯು ಮರವನ್ನು ಗಿಡ್ಡವಾಗಿ ಕೊಯ್ದರೆ ಹಣ ನಷ್ಟವಾಗಬಹುದು. ಇಂತಹ ಕಡೆಗಳಲ್ಲಿ ತಪ್ಪಿನ ಬೆಲೆಯನ್ನು ತೆರುವವನು ತಪ್ಪಿದವನೇ ಆಗಿರುತ್ತಾನೆ. ಆದರೆ ಹಿತ್ತಿಲಿನಲ್ಲಿ ನಾಲ್ಕು ಗಿಡಗಳನ್ನು ನೆಟ್ಟು ತೋಟಗಾರಿಕೆಯನ್ನು ಕಲಿಯಹೊರಟ ಗೃಹಸ್ಥನ ಸ್ಥಿತಿ ಬೇರೆ. ಅವನು ನೀರನ್ನು ಹೆಚ್ಚು ಹಾಕಿದರೆ ಕೊಳೆಯುವುದು ಸಸಿಯ ಬೇರು. ಗುದ್ದಲಿಯನ್ನು ನೋಡದೆ ಹಾಕಿದರೆ ತುಂಡಾಗುವುದು ಎರೆಹುಳು. ಇಲ್ಲಿ ಕಲಿಯುವವನು ಒಬ್ಬ, ಬೆಲೆ ತೆರುವ ಜೀವ ಇನ್ನೊಂದು. ಹೀಗಿರುವಾಗ, ತಪ್ಪಿನಿಂದ ಕಲಿಯುತ್ತೇನೆಂಬ ಸಮಾಧಾನವು ಅಣುವ್ರತಿಯಾದ ಶ್ರಾವಕನಿಗೆ ಸಲ್ಲುವುದೇ? ಸಲ್ಲುವುದಾದರೆ ಯಾವ ಕಟ್ಟಳೆಯೊಳಗೆ ಸಲ್ಲುವುದು? ಇದು ವಿಚಾರಿಸತಕ್ಕ ವಿಷಯವಾಗಿದೆ.

ಮೊದಲಿಗೆ, ಗೃಹಸ್ಥನು ಮಣ್ಣಿನ ಕೆಲಸವನ್ನು ಮಾಡಬಹುದೇ ಎಂಬ ಸಂದೇಹವನ್ನು ಪರಿಹರಿಸಿಕೊಳ್ಳಬೇಕು. ಕಲ್ಪವೃಕ್ಷಗಳು ಕ್ಷೀಣಿಸಿ ಭೋಗಭೂಮಿಯು ಕರ್ಮಭೂಮಿಯಾಗಿ ಮಾರ್ಪಟ್ಟಾಗ ಭಗವಾನ್ ವೃಷಭನಾಥನು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಪ್ರಜೆಗಳಿಗೆ ಬೋಧಿಸಿದನೆಂಬುದು ಪುರಾಣಪ್ರಸಿದ್ಧ. ಆದ್ದರಿಂದ ಕೃಷಿಯು ಗೃಹಸ್ಥಧರ್ಮಕ್ಕೆ ಹೊರಗಿನದಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದುಂಟು. ಇವುಗಳಲ್ಲಿ ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಸರ್ವಥಾ ಬಿಡುತ್ತಾನೆ. ಉಳಿದವುಗಳನ್ನು ಗೃಹವಾಸದಲ್ಲಿ ಇರುವಷ್ಟು ಕಾಲ ಪೂರ್ಣವಾಗಿ ಬಿಡಲಾರನು. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿಗಳೆಂಬ ಸ್ಥಾವರ ಜೀವಗಳ ವಿಷಯದಲ್ಲಿ ಅವನಿಗೆ ಮಿತವಾದ ಅವಕಾಶವಿದೆ. ಆದರೆ ಅವಕಾಶಕ್ಕೆ ಬೇಲಿಯೂ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳಿ, ಅವುಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನಿಷ್ಫಲವಾಗಿ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಗಳನ್ನು ಕತ್ತರಿಸುವುದು ಇವುಗಳನ್ನು ಎಣಿಸಿರುವರು. ಆ ಪಟ್ಟಿಯಲ್ಲಿ ಮೂರು ಸಂಗತಿಗಳು ತೋಟಗಾರನ ನಿತ್ಯದ ಕೆಲಸಗಳೇ ಆಗಿವೆ. ಅಗೆತ ತಪ್ಪಲ್ಲ, ನಿಷ್ಫಲವಾದ ಅಗೆತ ತಪ್ಪು. ನೀರು ಎರೆಯುವುದು ತಪ್ಪಲ್ಲ, ನಿಷ್ಫಲವಾಗಿ ಎರೆಯುವುದು ತಪ್ಪು. ಹೊಸಬನ ತಪ್ಪುಗಳೆಲ್ಲ ಬಹುಪಾಲು ಈ 'ನಿಷ್ಫಲ' ಎಂಬ ಮಾತಿನೊಳಗೆ ಅಡಗಿವೆ.

ಹೊಸದಾಗಿ ತೋಟ ಮಾಡುವವರು ಸಾಮಾನ್ಯವಾಗಿ ಮಳೆಗಾಲದ ಮೊದಲಲ್ಲಿ ಗುದ್ದಲಿಯನ್ನು ಹಿಡಿಯುತ್ತಾರೆ. ನೆಲ ಮೆತ್ತಗಾಗಿರುತ್ತದೆ, ಬೀಜ ಬೇಗ ಮೊಳೆಯುತ್ತದೆ, ನೆಟ್ಟ ಕಡ್ಡಿ ಚಿಗುರುತ್ತದೆ. ಅದೇ ಕಾಲದಲ್ಲಿ ಮುನಿಗಳು ವಿಹಾರವನ್ನು ನಿಲ್ಲಿಸಿ ಆಷಾಢದಿಂದ ಕಾರ್ತಿಕದವರೆಗೆ ಒಂದೆಡೆ ನೆಲೆಸುತ್ತಾರೆ. ಕಾರಣವೊಂದೇ. ನೆಲವೆಲ್ಲ ಹಸುರು ಮೊಳಕೆಗಳಿಂದಲೂ ಸೂಕ್ಷ್ಮ ಜಂತುಗಳಿಂದಲೂ ತುಂಬಿರುವುದರಿಂದ ನಡೆದಲ್ಲೆಲ್ಲ ಜೀವಬಾಧೆ ಆಗುತ್ತದೆ. ಯಾವ ಜೀವಸಮೃದ್ಧಿಯನ್ನು ಕಂಡು ಮುನಿಯು ಕಾಲನ್ನು ಹಿಂದೆಗೆಯುವನೋ ಅದೇ ಸಮೃದ್ಧಿಯನ್ನು ಕಂಡು ಗೃಹಸ್ಥನು ಕೈಯನ್ನು ಮುಂದಿಡುತ್ತಾನೆ. ಇದರಲ್ಲಿ ಗೃಹಸ್ಥನನ್ನು ನಿಂದಿಸತಕ್ಕದ್ದೇನೂ ಇಲ್ಲ; ಮಹಾವ್ರತಕ್ಕೂ ಅಣುವ್ರತಕ್ಕೂ ಇರುವ ಅಂತರವೇ ಇದು. ಆದರೆ ಮುನಿಯು ಯಾವುದಕ್ಕಾಗಿ ನಿಂತನೆಂಬುದನ್ನು ಗುದ್ದಲಿ ಹಿಡಿದವನು ಮರೆಯಬಾರದು.

ಹೊಸಬನ ಮೊದಲನೆಯ ತಪ್ಪು ನೀರಿನದು. ಗಿಡವೆಂದರೆ ನೀರು ಎಂದು ತಿಳಿದು ಅವನು ಬೆಳಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ಸುರಿಯುತ್ತಾನೆ. ಬೇರಿಗೆ ನೀರು ಬೇಕಾದಂತೆ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಣ ಎಡೆಗಳೆಲ್ಲ ನೀರಿನಿಂದ ತುಂಬಿಕೊಂಡರೆ ಬೇರಿಗೆ ಗಾಳಿ ದೊರೆಯದೆ ಅದು ಕೊಳೆಯತೊಡಗುತ್ತದೆ. ಕೊಳೆತ ಬೇರು ನೀರನ್ನು ಎಳೆದುಕೊಳ್ಳಲಾರದು. ಆಗ ಎಲೆ ಹಳದಿಯಾಗಿ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡ ಹೊಸಬನು ಗಿಡಕ್ಕೆ ಬಾಯಾರಿಕೆಯಾಗಿದೆಯೆಂದು ಭಾವಿಸಿ ಇನ್ನೂ ಒಂದು ಕೊಡ ಎರೆಯುತ್ತಾನೆ. ರೋಗಕ್ಕೆ ಕಾರಣವಾದುದನ್ನೇ ಔಷಧವೆಂದು ಬಗೆಯುವ ಇದು ವಿಪರೀತಜ್ಞಾನದ ಸ್ಪಷ್ಟವಾದ ಉದಾಹರಣೆ. ಮೇಲಿನ ಮಣ್ಣು ಒಣಗಿದ್ದರೂ ಬೆರಳನ್ನು ಒಂದೆರಡು ಅಂಗುಲ ಇಳಿಸಿ ನೋಡಿದರೆ ಒಳಗೆ ತೇವ ಇರುವುದು ತಿಳಿಯುತ್ತದೆ. ಅಷ್ಟು ನೋಡುವ ವ್ಯವಧಾನ ಅವನಿಗೆ ಇಲ್ಲವಾಯಿತು.

ಇಲ್ಲಿ ಒಂದು ಗಹನವಾದ ವಿಷಯವಿದೆ. ಆ ಗೃಹಸ್ಥನಲ್ಲಿ ಕ್ರೌರ್ಯವಿರಲಿಲ್ಲ. ಗಿಡದ ಮೇಲೆ ಪ್ರೀತಿಯೇ ಇತ್ತು. ಪ್ರೀತಿಯಿಂದ ಆದ ಕೇಡನ್ನು ದೋಷವೆನ್ನಬಹುದೇ? ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಪ್ರಮಾದಗಳನ್ನು ಹದಿನೈದೆಂದು ಎಣಿಸಿದ್ದಾರೆ: ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳು ಐದು, ನಿದ್ರೆ ಒಂದು, ಪ್ರಣಯ ಅಂದರೆ ಸ್ನೇಹ ಒಂದು. ಕ್ರೋಧವೂ ನಿದ್ರೆಯೂ ಎಚ್ಚರವನ್ನು ಕೆಡಿಸುವುವೆಂಬುದನ್ನು ಎಲ್ಲರೂ ಒಪ್ಪುವರು. ಸ್ನೇಹವನ್ನೂ ಅದೇ ಸಾಲಿನಲ್ಲಿ ಇರಿಸಿರುವುದೇಕೆಂದು ಅನೇಕರಿಗೆ ಅನಿಸಬಹುದು. ಹಿತ್ತಿಲಿನಲ್ಲಿ ಕೊಳೆತ ಸಸಿಯು ಅದಕ್ಕೆ ಉತ್ತರವನ್ನು ಹೇಳುತ್ತದೆ. ಸ್ನೇಹವು ತನ್ನ ತೃಪ್ತಿಗೆ ಬೇಕಾದುದನ್ನು ಕೊಡುತ್ತದೆ, ಎದುರಿನ ಜೀವಕ್ಕೆ ಬೇಕಾದುದನ್ನು ವಿಚಾರಿಸುವುದಿಲ್ಲ. ದಯೆಯು ವಿಚಾರಿಸುತ್ತದೆ. ಇವೆರಡರ ಭೇದವನ್ನು ತಿಳಿಯದವನು ಮಕ್ಕಳನ್ನು ಬೆಳೆಸುವಾಗಲೂ ಇದೇ ತಪ್ಪನ್ನು ಮಾಡುವನು.

ಎರಡನೆಯ ತಪ್ಪು ಆತುರದ್ದು. ಗಿಡ ಬೇಗ ಬೆಳೆಯಲೆಂದು ಹಸಿ ಸಗಣಿಯನ್ನು ಬುಡಕ್ಕೆ ತುಂಬುವರು. ಅದು ಕೊಳೆಯುವಾಗ ಹುಟ್ಟುವ ಕಾವಿಗೂ ಖಾರಕ್ಕೂ ಎಳೆಯ ಬೇರು ಸುಟ್ಟುಹೋಗುತ್ತದೆ. ಗೊಣ್ಣೆಹುಳುಗಳೂ ಅಲ್ಲಿ ಸೇರುತ್ತವೆ. ಕೆಲವು ತಿಂಗಳು ಕೊಳೆತು ಪುಡಿಯಾದ ಕೊಟ್ಟಿಗೆ ಗೊಬ್ಬರಕ್ಕೆ ಈ ದೋಷವಿಲ್ಲ, ಆದರೆ ಅದಕ್ಕೆ ಕಾಯುವ ತಾಳ್ಮೆ ಬೇಕು. ದಂಟಿನ ಬೀಜದಂತಹ ಸಣ್ಣ ಬೀಜವನ್ನು ಬೆರಳುದ್ದ ಆಳದಲ್ಲಿ ಹೂಳುವರು. ಮೊಳಕೆಯು ಮೇಲೆ ಬರುವಷ್ಟು ಕಸುವು ಅಷ್ಟು ಚಿಕ್ಕ ಬೀಜದಲ್ಲಿ ಇರುವುದಿಲ್ಲ. ಬೀಜದ ದಪ್ಪದ ಎರಡು ಮೂರು ಪಟ್ಟು ಮಣ್ಣು ಮುಚ್ಚಿದರೆ ಸಾಕೆಂಬುದು ಅನುಭವಿಗಳ ಮಾತು. ನಡುಮಧ್ಯಾಹ್ನದ ಬಿಸಿಲಿನಲ್ಲಿ ಸಸಿಯನ್ನು ಕಿತ್ತು ನೆಡುವರು. ಇಳಿಹೊತ್ತಿನವರೆಗೆ ಕಾದಿದ್ದರೆ ಅದು ಬಾಡುತ್ತಿರಲಿಲ್ಲ. ಈ ತಪ್ಪುಗಳೆಲ್ಲ ಬೇರೆ ಬೇರೆಯಾಗಿ ಕಂಡರೂ ಮೂಲ ಒಂದೇ: ಫಲವನ್ನು ಬಯಸುವ ಲೋಭವು ಕಾಲವನ್ನು ಸಹಿಸಲಾರದು.

ಮೂರನೆಯ ತಪ್ಪು ಪರಿಗ್ರಹದ್ದು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ, ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಅಂತಹ ಕಡೆಗೆ ಹೋದವನು ಎರಡು ಗಿಡಗಳನ್ನು ತರಬೇಕೆಂದು ಹೊರಟು ಹನ್ನೆರಡನ್ನು ತರುವುದುಂಟು. ತಂದವುಗಳಿಗೆ ಸ್ಥಳವಿಲ್ಲ, ಬಿಸಿಲಿಲ್ಲ, ನೋಡಿಕೊಳ್ಳಲು ಹೊತ್ತಿಲ್ಲ. ಬಂಧುಗಳ ಮದುವೆಗೆಂದು ಮನೆಮಂದಿಯೆಲ್ಲ ಎಂಟು ದಿನ ಊರು ಬಿಟ್ಟು ಬರುವಷ್ಟರಲ್ಲಿ ಕುಂಡಗಳು ಒಣಗಿರುತ್ತವೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಕಟ್ಟಿಹಾಕಿದ ದನಕರುಗಳಿಗೆ ಹೊತ್ತಿಗೆ ಮೇವು ನೀರು ಕೊಡದಿರುವುದೇ ಅದರ ಪ್ರಸಿದ್ಧವಾದ ಅರ್ಥ. ಕುಂಡದೊಳಗಿನ ಗಿಡವೂ ಒಂದು ಬಗೆಯಲ್ಲಿ ಕಟ್ಟಿಹಾಕಿದ ಜೀವವೇ. ನೆಲದಲ್ಲಿದ್ದರೆ ಅದು ಬೇರನ್ನು ಆಳಕ್ಕೆ ಇಳಿಸಿ ತೇವವನ್ನು ಅರಸುತ್ತಿತ್ತು. ಕುಂಡದಲ್ಲಿ ಇಟ್ಟವನು ಆ ದಾರಿಯನ್ನು ಮುಚ್ಚಿದ್ದಾನೆ. ಆದ್ದರಿಂದ ಅದರ ಪಾನದ ಭಾರವನ್ನು ಅವನೇ ಹೊತ್ತಂತಾಯಿತು. ಪರಿಗ್ರಹಕ್ಕೆ ಪರಿಮಾಣವನ್ನು ಮಾಡಿಕೊಳ್ಳುವಾಗ ಕ್ಷೇತ್ರ, ಮನೆ, ಧನಧಾನ್ಯಗಳನ್ನು ಎಣಿಸುವ ಶ್ರಾವಕನು ಕುಂಡಗಳನ್ನೂ ಎಣಿಸುವುದು ಒಳ್ಳೆಯದು.

ನಾಲ್ಕನೆಯದು ಎಲ್ಲಕ್ಕಿಂತ ಘೋರವಾದದ್ದು. ಅದು ಭಯದಿಂದ ಹುಟ್ಟುವ ತಪ್ಪು. ಎಲೆಯಲ್ಲಿ ತೂತು ಕಂಡೊಡನೆ ಹೊಸಬನು ಅಂಗಡಿಗೆ ಓಡಿ ವಿಷವನ್ನು ತರುತ್ತಾನೆ. ಅಲ್ಲಿಯವರೆಗೆ ಏಕೇಂದ್ರಿಯದ ವಿಷಯದಲ್ಲಿ ಇದ್ದ ತಪ್ಪು ಈಗ ತ್ರಸಜೀವಗಳ ಕಡೆಗೆ ಹೊರಳುತ್ತದೆ. ಎರೆಹುಳು ದ್ವೀಂದ್ರಿಯ, ಇರುವೆ ತ್ರೀಂದ್ರಿಯ, ದುಂಬಿ ಚತುರಿಂದ್ರಿಯ. ಚಿಗುರಿನ ರಸವನ್ನು ಹೀರುವ ಸಣ್ಣ ಹೇನುಗಳು ಇರುವಲ್ಲಿ ಇರುವೆಗಳು ಓಡಾಡುತ್ತವೆ, ಆ ಹೇನು ಸ್ರವಿಸುವ ಸಿಹಿಯಾದ ದ್ರವಕ್ಕಾಗಿ. ಇರುವೆಯೇ ಗಿಡವನ್ನು ತಿನ್ನುತ್ತಿದೆಯೆಂದು ತಿಳಿದು ಅದಕ್ಕೆ ಪುಡಿ ಎರಚುವರು. ಕೆಂಪು ಬೆನ್ನಿನ ಮೇಲೆ ಕರಿಯ ಚುಕ್ಕೆಗಳಿರುವ ಗುಲಗಂಜಿ ಹುಳು ಆ ಹೇನುಗಳನ್ನು ತಿಂದು ಕಡಿಮೆ ಮಾಡುತ್ತದೆ. ವಿಷವು ಅದನ್ನೂ ಬಿಡುವುದಿಲ್ಲ. ಹೂವಿಗೆ ಬಂದ ಜೇನೂ ಸಾಯುತ್ತದೆ, ಆಮೇಲೆ ಹೀರೆಯ ಬಳ್ಳಿಯಲ್ಲಿ ಹೂವಿದ್ದರೂ ಕಾಯಿಲ್ಲವೆಂದು ಮನೆಯವರು ಪೇಚಾಡುತ್ತಾರೆ. ಎರೆಹುಳುವನ್ನು ಗುದ್ದಲಿಯಿಂದ ತುಂಡರಿಸಿದವರು ಎರಡು ತುಂಡುಗಳೂ ಎರಡು ಹುಳುಗಳಾಗಿ ಬದುಕುತ್ತವೆಂದು ಹೇಳಿಕೊಳ್ಳುವುದುಂಟು. ಅದು ಸತ್ಯವಲ್ಲ, ಬಹಳವಾದರೆ ತಲೆಯ ಕಡೆಯ ಭಾಗ ಉಳಿಯಬಹುದು, ಹಲವು ವೇಳೆ ಅದೂ ಉಳಿಯುವುದಿಲ್ಲ. ಮನಸ್ಸಿನ ಚುಚ್ಚುವಿಕೆಯನ್ನು ತಣಿಸುವ ಸುಳ್ಳು ಕಲಿಕೆಯ ದಾರಿಯನ್ನೇ ಮುಚ್ಚುತ್ತದೆ.

ಇದೇ ತಪ್ಪು ದೊಡ್ಡದಾಗಿ ಬೆಳೆದರೆ ಏನಾಗುವುದೆಂಬುದಕ್ಕೆ ದೂರದ ನಿದರ್ಶನ ಬೇಕಿಲ್ಲ. ಗೇರಿನ ಚಿಗುರನ್ನು ಹೀರುವ ಒಂದು ಕೀಟವನ್ನು ತಡೆಯಲು ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಎಂಡೋಸಲ್ಫಾನ್ ಎಂಬ ವಿಷವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೆಲವು ಗ್ರಾಮಗಳಲ್ಲಿಯೂ ಅದೇ ನಡೆಯಿತು. ಆ ಗ್ರಾಮಗಳ ಮಕ್ಕಳು ಅನುಭವಿಸಿದ ಅಂಗವೈಕಲ್ಯ ಮತ್ತು ರೋಗಗಳ ಕಥೆ ನಾಡಿಗೆಲ್ಲ ತಿಳಿದಿದೆ. ಸರ್ವೋಚ್ಚ ನ್ಯಾಯಾಲಯವು 13 ಮೇ 2011ರಂದು ಅದರ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಕೆಡುಕು ಕಣ್ಣಿಗೆ ಬಿದ್ದ ದಿನಕ್ಕೂ ಕೈ ನಿಂತ ದಿನಕ್ಕೂ ನಡುವೆ ಅನೇಕ ವರ್ಷಗಳು ಕಳೆದವು. ಬೆಲೆಯನ್ನು ತೆತ್ತವರು ಸಿಂಪಡಿಸಿದವರಲ್ಲ. ಹಿತ್ತಿಲ ಗೃಹಸ್ಥನ ಪುಡಿ ಡಬ್ಬಿಯು ಇದರ ಮುಂದೆ ಅತ್ಯಲ್ಪವೇ ಸರಿ. ಆದರೂ ಎರಡರಲ್ಲಿಯೂ ನೋಡುವುದಕ್ಕೆ ಮೊದಲೇ ಹೊಡೆಯುವ ಸ್ವಭಾವವು ಒಂದೇ ಆಗಿದೆ.

ಹಾಗಾದರೆ ತಿಳಿಯದೆ ಮಾಡಿದ ಕೇಡು ಹಿಂಸೆಯೇ? ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಈ ಪ್ರಶ್ನೆಗೆ ಬೆಳಕನ್ನು ತೋರುತ್ತದೆ. ರಾಗಾದಿಗಳಿಲ್ಲದೆ ಯತ್ನಾಚಾರದಿಂದ ನಡೆಯುವವನಿಂದ ಪ್ರಾಣಘಾತವಾದರೂ ಅಷ್ಟರಿಂದಲೇ ಅದು ಹಿಂಸೆಯಾಗದು. ಪ್ರಮಾದದಲ್ಲಿರುವವನ ಮುಂದೆ ಜೀವ ಸಾಯಲಿ ಬಿಡಲಿ, ಹಿಂಸೆಯು ಅವನ ಮುಂದೆ ನಡೆದಿರುತ್ತದೆ ಎಂಬುದು ಆಚಾರ್ಯರ ಅಭಿಪ್ರಾಯ. ಈ ಒರೆಗಲ್ಲಿನ ಮೇಲೆ ಹೊಸಬನ ತಪ್ಪನ್ನು ತಿಕ್ಕಿ ನೋಡಬೇಕು. ಬಾಡಿದ ಎಲೆಗೆ ಎರಡು ಕಾರಣಗಳಿರಬಹುದೆಂದು ತಿಳಿಯದವನು ಮೊದಲ ಸಲ ನೀರೆರೆದುದರಲ್ಲಿ ಅಜ್ಞಾನವೇ ಪ್ರಧಾನ. ಪಕ್ಕದ ಮನೆಯಲ್ಲಿ ತಿಳಿದವರಿದ್ದರೂ ಕೇಳದೆ ಹೋದದ್ದರಲ್ಲಿ ಪ್ರಮಾದವು ಆಗಲೇ ಸೇರಿದೆ. ಸಸಿ ಸತ್ತ ಮೇಲೆ ಅದರ ಬೇರನ್ನು ನೋಡದೆ ಬಿಸಾಡಿ, ಅದೇ ಕುಂಡದಲ್ಲಿ ಇನ್ನೊಂದನ್ನು ನೆಟ್ಟು ಅದೇ ಕೊಡದಿಂದ ಎರೆದರೆ ಅದು ಅಜ್ಞಾನವೆನಿಸಿಕೊಳ್ಳಲಾರದು. ಹೀಗೆ ಮೊದಲನೆಯ ತಪ್ಪಿಗೂ ಎರಡನೆಯ ತಪ್ಪಿಗೂ ಹೊರಗಿನ ನೋಟಕ್ಕೆ ಭೇದವಿಲ್ಲದಿದ್ದರೂ ಬಂಧದ ದೃಷ್ಟಿಯಿಂದ ಬಹಳ ಅಂತರವಿದೆ.

ಈ ವಿಚಾರವನ್ನು ಶಾಸ್ತ್ರ ಓದದವರೂ ಅರಿತಿರುವುದುಂಟು. ಒಂದು ಮನೆಯಲ್ಲಿ ಬಾಲಕನೊಬ್ಬನು ತಾನು ಊರಿದ ಅವರೆಯ ಮೊಳಕೆಯನ್ನು ಬೇರು ನೋಡಬೇಕೆಂಬ ಕುತೂಹಲದಿಂದ ಕಿತ್ತನೆಂದು ಭಾವಿಸಬಹುದು. ಮೊಳಕೆ ಬಾಡಿದಾಗ ಅವನು ಅಳುತ್ತಾನೆ. ತಂದೆಯು, "ಹೋಗಲಿ ಬಿಡು ಮಗು, ಡಬ್ಬಿಯಲ್ಲಿ ಇನ್ನೂ ಬೇಕಾದಷ್ಟು ಕಾಳಿವೆ" ಎಂದು ಸಂತೈಸುತ್ತಾನೆ. ಜಪಸರವನ್ನು ಹಿಡಿದು ಕುಳಿತ ಅಜ್ಜಿಯು, "ಕಾಳು ಇನ್ನೂ ಇವೆ, ನಿಜ ಕಣಪ್ಪ. ಆದರೆ ಇದು ಇನ್ನೊಂದಿಲ್ಲ" ಎನ್ನುತ್ತಾಳೆ. ಎರಡು ಮಾತುಗಳಲ್ಲಿಯೂ ವಾತ್ಸಲ್ಯವಿದೆ. ಆದರೆ ತಂದೆಯ ಮಾತು ನಷ್ಟವನ್ನು ಲೆಕ್ಕ ಹಾಕಿತು, ಅಜ್ಜಿಯ ಮಾತು ಜೀವವನ್ನು ಲೆಕ್ಕಕ್ಕೆ ತಂದಿತು. ಪ್ರತಿಯೊಂದು ಜೀವವೂ ಅನಾದಿಯಿಂದ ತನ್ನದೇ ಆದ ಪರಿಭ್ರಮಣದಲ್ಲಿ ಇರುವುದೆಂಬ ಸಿದ್ಧಾಂತವನ್ನು ಆ ಬಾಲಕನಿಗೆ ಇದಕ್ಕಿಂತ ಸುಲಭವಾಗಿ ತಿಳಿಸುವುದು ಸಾಧ್ಯವೇ? ಅವನನ್ನು ಹೆದರಿಸಬೇಕಿಲ್ಲ, ಹೊಡೆಯಬೇಕಿಲ್ಲ. ಮುಂದಿನ ಮೊಳಕೆಯನ್ನು ಅವನು ಕೀಳುವುದಿಲ್ಲ.

ಕೆಲವರು ಒಂದು ಆಕ್ಷೇಪವನ್ನು ತರಬಹುದು: ಕಲಿಕೆಯಲ್ಲಿ ಇಷ್ಟು ಹಿಂಸೆ ಇರುವುದಾದರೆ ತೋಟವನ್ನೇ ಮಾಡದಿರುವುದು ಲೇಸಲ್ಲವೇ? ಸಂತೆಯಿಂದ ಕಾಯಿಪಲ್ಲೆ ತಂದರೆ ಕೈ ಶುದ್ಧವಾಗಿರುವುದಲ್ಲವೇ? ಇದು ಸರಿಯಾಗಲಾರದು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನೋವಚನಕಾಯಗಳೆಂಬ ಮೂರು, ಕೃತ, ಕಾರಿತ, ಅನುಮತಗಳೆಂಬ ಮೂರು, ಕಷಾಯಗಳು ನಾಲ್ಕು, ಇವುಗಳನ್ನು ಗುಣಿಸಿದರೆ ಜೀವಾಧಿಕರಣದ ಭೇದಗಳು 108 ಆಗುತ್ತವೆ. ಜಪಮಾಲೆಯ 108 ಮಣಿಗಳನ್ನು ಇವುಗಳೊಂದಿಗೆ ಕೂಡಿಸಿ ಹೇಳುವುದು ವಾಡಿಕೆ. ಬೇರೆಯವರಿಂದ ಮಾಡಿಸಿದ್ದೂ, ಮಾಡಿದ್ದನ್ನು ಒಪ್ಪಿಕೊಂಡದ್ದೂ ಆ ಲೆಕ್ಕದಿಂದ ತಪ್ಪಿಸಿಕೊಳ್ಳಲಾರವು. ಸಂತೆಯ ಬೆಂಡೆಕಾಯಿಗೆ ಯಾರು ಏನು ಸಿಂಪಡಿಸಿದರೆಂಬುದು ಕೊಳ್ಳುವವನಿಗೆ ಕಾಣುವುದಿಲ್ಲ. ಕಾಣದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. ಹಿತ್ತಿಲ ತೋಟದ ಒಂದು ಉಪಕಾರವೆಂದರೆ, ಊಟದ ತಟ್ಟೆಗೆ ಬರುವ ಪ್ರತಿಯೊಂದು ಎಲೆಯ ಹಿಂದಿರುವ ಆರಂಭವನ್ನು ಅದು ಕಣ್ಣೆದುರಿಗೆ ತರುತ್ತದೆ. ಕಂಡವನು ಎಲೆಯನ್ನು ವ್ಯರ್ಥಮಾಡಲು ಹಿಂಜರಿಯುತ್ತಾನೆ.

ಇನ್ನೊಂದು ಆಕ್ಷೇಪವೂ ಉಂಟು. ಗಿಡದ ಆಯುಃಕರ್ಮ ಅಷ್ಟೇ ಇತ್ತು, ಮನುಷ್ಯನು ನಿಮಿತ್ತಮಾತ್ರನೆಂದು ಹೇಳುವವರಿದ್ದಾರೆ. ಸಿದ್ಧಾಂತದ ಮಾತನ್ನು ತನ್ನ ಸೋಮಾರಿತನಕ್ಕೆ ಹೊದಿಕೆಯಾಗಿ ಬಳಸುವುದು ಸಿದ್ಧಾಂತಕ್ಕೇ ಮಾಡುವ ಅವಿನಯ. ಗಿಡದ ಆಯುಸ್ಸು ಗಿಡದ ಕರ್ಮಕ್ಕೆ ಸೇರಿದ್ದಿರಬಹುದು. ಎರೆದವನ ಅನವಧಾನವು ಎರೆದವನ ಕರ್ಮಕ್ಕೆ ಸೇರಿದ್ದು. ಮೊದಲನೆಯದರ ವಿಚಾರ ಅವನ ಕೈಯಲ್ಲಿಲ್ಲ, ಎರಡನೆಯದು ಮಾತ್ರ ಅವನ ಕೈಯಲ್ಲಿದೆ.

ತಪ್ಪು ಎಂತು ಬೆಳೆಯುವುದೆಂಬುದನ್ನು ತಿಳಿಯದೆ ಅದನ್ನು ತಡೆಯಲಾಗದು. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳೆಂಬ ನಾಲ್ಕು ಹಂತಗಳನ್ನು ವಿವರಿಸಲು ಹಿರಿಯರು ಹೊಲದ ದೃಷ್ಟಾಂತವನ್ನೇ ಹೇಳುತ್ತ ಬಂದಿದ್ದಾರೆ. ಮುದಿ ಎತ್ತೊಂದು ಬೇಲಿಯಾಚೆಯ ಹಸುರು ಪೈರನ್ನು ನೋಡಿ ಆಸೆಪಡುತ್ತದೆ; ಬೇಲಿಯ ಸಂದಿಯಲ್ಲಿ ತಲೆ ತೂರಿಸುತ್ತದೆ; ಒಂದು ತುತ್ತನ್ನು ಕಚ್ಚುತ್ತದೆ; ಕೊನೆಗೆ ಒಳನುಗ್ಗಿ ಮನಸ್ಸು ಬಂದಂತೆ ಮೇಯುತ್ತದೆ. ತೋಟಗಾರನು ದನ ಹೊಲಕ್ಕೆ ನುಗ್ಗದಂತೆ ಬೇಲಿಯನ್ನು ಕಟ್ಟುತ್ತಾನೆ. ತನ್ನ ಮನಸ್ಸು ನುಗ್ಗುವ ಸಂದಿ ಯಾವುದೆಂದು ನೋಡಿಕೊಳ್ಳುವುದಿಲ್ಲ. ವಿಷದ ಡಬ್ಬಿಯನ್ನು ಒಂದು ದಿನ ಬೇಕಾದೀತೆಂದು ತಂದಿಟ್ಟುಕೊಳ್ಳುವುದೇ ಬೇಲಿಯಲ್ಲಿ ತಲೆ ತೂರಿಸಿದಂತೆ. ಮನೆಯಲ್ಲಿ ಡಬ್ಬಿಯಿದ್ದರೆ ಹುಳು ಕಂಡ ದಿನ ಕೈ ತಾನಾಗಿ ಅದರ ಕಡೆಗೆ ಹೋಗುತ್ತದೆ.

ತಪ್ಪು ನಡೆದುಹೋದ ಮೇಲೆ ಏನು ಮಾಡತಕ್ಕದ್ದು? ಆರು ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದು ಪ್ರಾಯಶ್ಚಿತ್ತ. ಅದರ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನಾ. ಲೋಕದ ಮಾತಿನಲ್ಲಿ ಆಲೋಚನೆಯೆಂದರೆ ಯೋಚಿಸುವುದು. ಶಾಸ್ತ್ರದಲ್ಲಿ ಅದು ಗುರುವಿನ ಮುಂದೆ ತನ್ನ ದೋಷವನ್ನು ಮರೆಮಾಚದೆ ಹೇಳುವುದು. ಅದಕ್ಕೂ ಹತ್ತು ದೋಷಗಳನ್ನು ಎಣಿಸಿರುವುದು ಆಚಾರ್ಯರು ಮನುಷ್ಯಸ್ವಭಾವವನ್ನು ಎಷ್ಟು ಬಲ್ಲರೆಂಬುದಕ್ಕೆ ಸಾಕ್ಷಿ. ಬೇರೆಯವರು ನೋಡಿದ ತಪ್ಪನ್ನು ಮಾತ್ರ ಹೇಳುವುದು ದೃಷ್ಟದೋಷ. ದೊಡ್ಡ ತಪ್ಪನ್ನು ಮಾತ್ರ ಹೇಳಿ ಸಣ್ಣದನ್ನು ಬಿಡುವುದು ಬಾದರದೋಷ. ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ಸೂಕ್ಷ್ಮದೋಷ. ತನ್ನಂತೆಯೇ ತಪ್ಪು ಮಾಡುತ್ತಿರುವವನ ಬಳಿಗೆ ಹೋಗಿ ಹೇಳಿಕೊಳ್ಳುವುದು ತತ್ಸೇವಿ ಎಂಬ ದೋಷ. ತೋಟದಲ್ಲಿ ಇವೆಲ್ಲವನ್ನೂ ಕಾಣಬಹುದು. ನೆಂಟರು ಬಂದಾಗ ಹೂ ಬಿಟ್ಟ ಕುಂಡವನ್ನು ಮುಂದಿಟ್ಟು ಸತ್ತ ಗಿಡದ ಕುಂಡವನ್ನು ಗೋಡೆಯ ಹಿಂದಕ್ಕೆ ತಳ್ಳುವುದುಂಟು. ಬಲ್ಲ ರೈತನನ್ನು ಕೇಳಿದರೆ ನಗುವನೆಂದು ನಾಚಿ, ತನ್ನಷ್ಟೇ ತಿಳಿದ ಇನ್ನೊಬ್ಬ ಹೊಸಬನನ್ನು ಕೇಳುವುದುಂಟು. ಇಬ್ಬರೂ ಸೇರಿ ಬೀಜವೇ ಕೆಟ್ಟದ್ದು, ಹವೆಯೇ ಸರಿಯಿಲ್ಲ ಎಂದು ತೀರ್ಮಾನಿಸುತ್ತಾರೆ. ತಪ್ಪು ಹಾಗೆಯೇ ಉಳಿಯುತ್ತದೆ. ತಪ್ಪು ತಾನಾಗಿ ಏನನ್ನೂ ಕಲಿಸುವುದಿಲ್ಲ. ಅದನ್ನು ಬಲ್ಲವರ ಮುಂದೆ ಇದ್ದುದಿದ್ದಂತೆ ಹೇಳಿದಾಗಲೇ ಅದು ಜ್ಞಾನವಾಗುತ್ತದೆ.

ಇಲ್ಲಿ ಉಪವಾಸದ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯಕ. ತಪ್ಪಾಯಿತು, ಅದಕ್ಕೆ ಒಂದು ಉಪವಾಸ ಮಾಡಿದರಾಯಿತು ಎಂದು ತಾವೇ ದಂಡವನ್ನು ಗೊತ್ತುಮಾಡಿಕೊಳ್ಳುವವರಿದ್ದಾರೆ. ಒಂದು ಗಿಡಕ್ಕೆ ಒಂದು ಏಕಾಶನ, ಒಂದು ಹುಳುವಿಗೆ ಒಂದು ಉಪವಾಸ ಎಂಬುದು ವ್ಯಾಪಾರವಾದೀತೇ ಹೊರತು ಪ್ರಾಯಶ್ಚಿತ್ತವಾಗದು. ಪ್ರಾಯಶ್ಚಿತ್ತವನ್ನು ದೋಷದ ಗುರುಲಘುತ್ವವನ್ನು ಅರಿತ ಗುರುಗಳು ಕೊಡತಕ್ಕದ್ದು. ಉಪವಾಸಕ್ಕೆ ಬೇರೊಂದು ಮಹತ್ತ್ವವಿದೆ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸದಲ್ಲಿ ಆಹಾರದೊಂದಿಗೆ ಆರಂಭವನ್ನೂ ಬಿಡಬೇಕು. ಆ ದಿನ ಗುದ್ದಲಿ ಮೂಲೆಯಲ್ಲಿ ಇರುತ್ತದೆ. ಹೊಸಬನ ತಪ್ಪುಗಳಲ್ಲಿ ಬಹುಭಾಗವು ಕಡಿಮೆ ಮಾಡಿದ್ದರಿಂದ ಆದದ್ದಲ್ಲ, ಹೆಚ್ಚು ಮಾಡಿದ್ದರಿಂದ ಆದದ್ದು. ಕೈ ನಿಂತ ಒಂದು ದಿನದಲ್ಲಿ ಗಿಡಕ್ಕೆ ತನ್ನಿಂದ ನಿತ್ಯ ಏನಾಗುತ್ತಿತ್ತೆಂಬುದು ಅವನಿಗೆ ತಿಳಿದುಬರುತ್ತದೆ. ಬೇಸಿಗೆಯಲ್ಲಿ ಹಿಂದಿನ ದಿನ ಸೂರ್ಯಾಸ್ತಕ್ಕೆ ಮೊದಲೇ ನೀರೆರೆದು ಬುಡಕ್ಕೆ ತರಗೆಲೆಯನ್ನು ಹರಡಿದ್ದರೆ ನೆಲದಲ್ಲಿ ಬೆಳೆದ ಗಿಡ ಒಂದು ದಿನಕ್ಕೆ ಸೊರಗುವುದಿಲ್ಲ. ತರಗೆಲೆಯನ್ನು ತೆಗೆಯುವಾಗ ಅದರಡಿಯ ಜಂತುಗಳನ್ನು ನೋಡಿ ತೆಗೆಯಬೇಕು. ಸಣ್ಣ ಕುಂಡಗಳಿಗೆ ಆ ದಿನ ನೀರು ಬೇಕಾದೀತೆಂಬ ಭಯವಿದ್ದರೆ ಅವುಗಳನ್ನು ಹಿಂದಿನ ದಿನವೇ ನೆರಳಿಗೆ ಸರಿಸಿಡಬಹುದು.

ಆದರೆ ಪರ್ವದ ದಿನವನ್ನು ತೋಟದ ಯೋಜನೆಗಾಗಿ ಬಳಸಬಾರದು. ಆ ದಿನ ಸ್ವಾಧ್ಯಾಯಕ್ಕೂ ಸಾಮಾಯಿಕಕ್ಕೂ ಮೀಸಲು. ಪ್ರೋಷಧೋಪವಾಸದ ಅತಿಚಾರಗಳಾದರೂ ಏನು? ನೋಡದೆ ಒರೆಸದೆ ವಸ್ತುವನ್ನು ಇಡುವುದು, ನೋಡದೆ ಒರೆಸದೆ ತೆಗೆದುಕೊಳ್ಳುವುದು, ನೋಡದೆ ಒರೆಸದೆ ಹಾಸುವುದು, ಆದರವಿಲ್ಲದಿರುವುದು, ನೆನಪಿಲ್ಲದಿರುವುದು. ಈ ಐದನ್ನು ತಿಂಗಳಿಗೆ ನಾಲ್ಕು ದಿನ ಅಭ್ಯಾಸ ಮಾಡಿ ಬಿಟ್ಟವನ ಕೈ ಐದನೆಯ ದಿನ ಗುದ್ದಲಿಯನ್ನು ಹಿಡಿದಾಗಲೂ ನೋಡಿಯೇ ಹಿಡಿಯುತ್ತದೆ. ವ್ರತವು ಪರ್ವದ ದಿನಕ್ಕೆ ಮುಗಿಯದೆ ಸಾಮಾನ್ಯ ದಿನಗಳಿಗೆ ಹರಿದು ಬರಬೇಕಾದ ರೀತಿ ಇದು.

ನೆನಪಿನ ಮಹಿಮೆಯನ್ನು ತಿಳಿಸುವ ಪುರಾಣಪ್ರಸಂಗವೊಂದನ್ನು ಇಲ್ಲಿ ಸ್ಮರಿಸಬಹುದು. ವೃಷಭ ಮುನಿಯು ಆರು ತಿಂಗಳ ಯೋಗದ ಅನಂತರ ಆಹಾರಕ್ಕಾಗಿ ವಿಹರಿಸಿದಾಗ ಆ ಕಾಲದ ಪ್ರಜೆಗಳಿಗೆ ದಾನವಿಧಿ ತಿಳಿದಿರಲಿಲ್ಲ. ಅವರು ಭಕ್ತಿಯಿಂದ ರತ್ನಗಳನ್ನೂ ವಸ್ತ್ರಗಳನ್ನೂ ಆನೆ ಕುದುರೆಗಳನ್ನೂ ತಂದು ಒಪ್ಪಿಸಿದರು. ಅವರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಎದುರಿಗಿದ್ದವರಿಗೆ ಏನು ಬೇಕೆಂಬ ಅರಿವು ಇರಲಿಲ್ಲ. ಅವರ ತಪ್ಪಿನ ಬೆಲೆಯನ್ನು ಭಗವಂತನು ನಿರಾಹಾರನಾಗಿ ಸಮಭಾವದಿಂದ ಹೊತ್ತನು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಜಾತಿಸ್ಮರಣವಾಗಿ, ಹಿಂದೆ ಶ್ರೀಮತಿಯಾಗಿದ್ದ ಜನ್ಮದಲ್ಲಿ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರದಾನ ಮಾಡಿದ್ದು ನೆನಪಾಯಿತು. ಅವನು ವಿಧಿಪೂರ್ವಕವಾಗಿ ಕಬ್ಬಿನ ರಸವನ್ನು ನೀಡಿದನು. ಆ ದಿನವು ಅಕ್ಷಯತೃತೀಯೆಯಾಗಿ ಇಂದಿಗೂ ಆಚರಿಸಲ್ಪಡುತ್ತಿದೆ. ಭಕ್ತಿಯಿಂದ ಆಗದಿದ್ದ ಕಾರ್ಯವು ನೆನಪು ಕೂಡಿದ ಭಕ್ತಿಯಿಂದ ಆಯಿತು. ಸಾಮಾನ್ಯ ಗೃಹಸ್ಥನಿಗೆ ಜಾತಿಸ್ಮರಣವಿಲ್ಲ. ಕಳೆದ ಮಳೆಗಾಲದ ನೆನಪಾದರೂ ಅವನಿಗೆ ಇರಬ��ಕಲ್ಲವೇ? ಯಾವ ಸಸಿ ಯಾವ ದಿನ ಯಾವ ಕಾರಣದಿಂದ ಸತ್ತಿತೆಂದು ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡುವುದು ಕಷ್ಟದ ಕೆಲಸವಲ್ಲ.

ಆದುದರಿಂದ ಹೊಸದಾಗಿ ತೋಟ ಮಾಡುವ ಶ್ರಾವಕ ಶ್ರಾವಿಕೆಯರು ಕೆಲವು ನಿಯಮಗಳನ್ನು ತೆಗೆದುಕೊಳ್ಳುವುದು ಉಚಿತ. ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದ್ದು ಯಮ ಎಂದು ಶ್ರಾವಕಾಚಾರವು ಭೇದ ಮಾಡಿದೆ. ಮೊದಲು ಒಂದು ವರ್ಷದ ನಿಯಮ ಸಾಕು. ನೋಡಿಕೊಳ್ಳಬಲ್ಲಷ್ಟೇ ಗಿಡಗಳಿಗೆ ಸಂಖ್ಯೆಯ ಪರಿಮಾಣವನ್ನು ಮಾಡಿಕೊಳ್ಳುವುದು. ಸೂರ್ಯಾಸ್ತದ ಮೇಲೆ ಮಣ್ಣನ್ನು ಕೆದಕದಿರುವುದು. ಬೆರಳಿನಿಂದ ತೇವವನ್ನು ಪರೀಕ್ಷಿಸದೆ ನೀರೆರೆಯದಿರುವುದು. ಕೀಟನಾಶಕವನ್ನು ಮನೆಗೆ ತಾರದಿರುವುದು. ಹುಳು ತಿಂದ ಎಲೆಯನ್ನು ಅದಕ್ಕೆ ಬಿಟ್ಟ ಪಾಲೆಂದು ಎಣಿಸುವುದು. ಸತ್ತ ಗಿಡದ ಕಾರಣವನ್ನು ಬಲ್ಲವರಿಂದ ತಿಳಿಯದೆ ಅದೇ ಸ್ಥಳದಲ್ಲಿ ಇನ್ನೊಂದನ್ನು ನೆಡದಿರುವುದು. ಇವು ಸಣ್ಣವೇ ಸರಿ. ಆದರೆ ಸಣ್ಣ ನಿಯಮವನ್ನು ಪಾಲಿಸಲಾರದವನು ದೊಡ್ಡ ವ್ರತವನ್ನು ಹೊರಲಾರನು.

ತಪ್ಪೇ ಆಗದ ತೋಟವಿಲ್ಲ. ತಪ್ಪಾಗುವುದೆಂದು ಹೆದರಿ ಕೈಕಟ್ಟಿ ಕುಳಿತವನಿಗೆ ದಯೆಯ ಅಭ್ಯಾಸವೂ ಆಗುವುದಿಲ್ಲ. ಕಲಿಯುವವನಿಗೆ ಮೊದಲ ತಪ್ಪಿನಲ್ಲಿ ಕ್ಷಮೆಗೆ ಅವಕಾಶವಿದೆ. ಆ ಕ್ಷಮೆಯನ್ನು ಅವನು ಬೇಡಬೇಕಾದದ್ದು ಕೊಳೆತುಹೋದ ಆ ಸಸಿಯ ಜೀವದಿಂದ. ಭಾದ್ರಪದದ ದಶಲಕ್ಷಣಪರ್ವದ ಕೊನೆಯಲ್ಲಿ ಸಮಸ್ತ ಜೀವಗಳಲ್ಲಿಯೂ ಕ್ಷಮೆ ಯಾಚಿಸುವಾಗ ಏಕೇಂದ್ರಿಯಗಳ ಹೆಸರೂ ಬರುತ್ತದೆ. ಬಾಯಿಪಾಠವಾಗಿ ಬಂದ ಆ ಮಾತನ್ನು ಆಡುವ ಗೃಹಸ್ಥನಿಗೆ ತನ್ನ ಹಿತ್ತಿಲಿನ ಒಂದು ಗಿಡವಾದರೂ ಕಣ್ಣ ಮುಂದೆ ಬಂದರೆ, ಮುಂದಿನ ವರ್ಷ ಅದೇ ತಪ್ಪಿಗೆ ಕ್ಷಮೆ ಬೇಡುವ ಸಂದರ್ಭವು ಬಾರದಂತೆ ಅವನು ನಡೆದುಕೊಂಡರೆ, ಅವನು ತಪ್ಪಿನಿಂದ ಕಲಿತನೆಂದು ನಿಸ್ಸಂದೇಹವಾಗಿ ಹೇಳಬಹುದು.